ಮಾಂಸದ ಮೇಲಿನ ಮುದ್ರೆಗೆ ದುಡ್ಡು ಕೊಡುವವರು ಯಾರು?

ಭಾನುವಾರ ಬೆಳಿಗ್ಗೆ ಮಟನ್ ಅಂಗಡಿಯ ಮುಂದೆ ಕೈಚೀಲ ಹಿಡಿದು ನಿಂತಾಗ ನೀವು ಏನನ್ನು ನೋಡುತ್ತೀರಿ? ಮಾಂಸ ಎಳೆಯದೇ, ಕೊಬ್ಬು ಎಷ್ಟಿದೆ, ತಕ್ಕಡಿ ಸರಿಯಾಗಿ ತೂಗುತ್ತಿದೆಯೇ ಎಂಬುದನ್ನು ಎಲ್ಲರೂ ನೋಡುತ್ತಾರೆ. ತೂಗುಹಾಕಿದ ತೊಡೆಯ ಮೇಲೆ ಬಣ್ಣದ ಮುದ್ರೆಯೊಂದು ಇದೆಯೇ ಎಂದು ನೋಡುವವರು ಬಹಳ ಕಡಿಮೆ. ಆ ಮುದ್ರೆ ಇದ್ದರೆ, ಪ್ರಾಣಿಯನ್ನು ಕಡಿಯುವ ಮೊದಲೂ ಕಡಿದ ನಂತರವೂ ಪಶುವೈದ್ಯರು ಅದನ್ನು ಪರೀಕ್ಷಿಸಿ ಒಪ್ಪಿದ್ದಾರೆ ಎಂದು ಅರ್ಥ. ಮುದ್ರೆ ಒತ್ತುವುದು ಪುಕ್ಕಟೆ ಕೆಲಸವಲ್ಲ. ವೈದ್ಯರಿಗೆ ಸಂಬಳ ಬೇಕು, ಪ್ರಯೋಗಾಲಯಕ್ಕೆ ಖರ್ಚು ಬೇಕು. ಈ ಹಣವನ್ನು ಕೊಡಬೇಕಾದವರು ಯಾರು? ಪ್ರಾಣಿ ಸಾಕಿದ ರೈತನೇ, ಮಾಂಸದ ವ್ಯಾಪಾರಿಯೇ, ತಿನ್ನುವ ನೀವೇ, ಅಥವಾ ಸರ್ಕಾರದ ಬೊಕ್ಕಸವೇ?

ಇದು ಲೆಕ್ಕಪತ್ರದವರ ತಲೆನೋವು, ಆರೋಗ್ಯದ ಅಂಕಣಕ್ಕೇಕೆ ಎಂದು ಕೇಳಬಹುದು. ದುಡ್ಡು ಯಾರಿಂದ, ಯಾವ ರೀತಿಯಲ್ಲಿ ಬರುತ್ತದೆ ಎಂಬುದರ ಮೇಲೆಯೇ ಪರೀಕ್ಷೆ ನಡೆಯುತ್ತದೋ ಇಲ್ಲವೋ, ನಡೆದರೂ ನೆಟ್ಟಗೆ ನಡೆಯುತ್ತದೋ ಇಲ್ಲವೋ ಎಂಬುದು ನಿಂತಿದೆ. ಯೂರೋಪಿನ ದೇಶಗಳು ಈ ಪ್ರಶ್ನೆಯೊಡನೆ ನಲವತ್ತು ವರ್ಷಗಳಿಂದ ಗುದ್ದಾಡುತ್ತಿವೆ. ಅವರ ಅನುಭವದಿಂದ ನಾವು ತಿಳಿಯಬೇಕಾದದ್ದು ಸಾಕಷ್ಟಿದೆ. ಮಾಂಸಾಹಾರ ಮುಟ್ಟದ ಓದುಗರೂ ಪುಟ ತಿರುಗಿಸದಿರಿ. ನಿಮಗೂ ಇದರಲ್ಲಿ ಪಾಲಿದೆ.

ವೈದ್ಯರು ನೋಡುವುದೇನು?

ಪರೀಕ್ಷೆಯಲ್ಲಿ ಎರಡು ಹಂತಗಳು. ಮೊದಲನೆಯದು ಪ್ರಾಣಿ ಬದುಕಿರುವಾಗ. ಅದು ನಡೆಯುವ ರೀತಿ, ನಿಲ್ಲುವ ರೀತಿ, ಉಸಿರಾಟ, ಜೊಲ್ಲು, ಕಣ್ಣು, ಮೂಗು, ಬಾಯಿ, ಗೊರಸುಗಳನ್ನು ವೈದ್ಯರು ಗಮನಿಸುತ್ತಾರೆ. ಜ್ವರವಿದೆಯೇ, ಕುಂಟುತ್ತಿದೆಯೇ, ಮಂದೆಯಿಂದ ದೂರ ನಿಂತು ತಲೆ ತಗ್ಗಿಸಿದೆಯೇ ಎಂದು ನೋಡುತ್ತಾರೆ. ಕೆಲವು ರೋಗಗಳು ಈ ಹಂತದಲ್ಲಿ ಮಾತ್ರ ಸಿಕ್ಕಿಬೀಳುತ್ತವೆ. ಹುಚ್ಚುನಾಯಿ ಕಚ್ಚಿದ ಕುರಿಯ ಮಾಂಸವನ್ನು ಬರಿಗಣ್ಣಿನಿಂದ ನೋಡಿದರೆ ಏನೂ ತಿಳಿಯದು. ಬದುಕಿರುವಾಗಿನ ಅದರ ವರ್ತನೆಯೇ ಸುಳಿವು. ನೆರಡಿ ರೋಗ ಬಂದ ಕುರಿಯನ್ನಂತೂ ಕಡಿಯಲೇಬಾರದು. ಕಡಿದವರ ಕೈಯ ಮೇಲೆ ಕಪ್ಪು ಹುಣ್ಣು ಏಳುತ್ತದೆ, ನೆಲಕ್ಕೆ ಬಿದ್ದ ರಕ್ತದಿಂದ ರೋಗಾಣುವಿನ ಬೀಜಕಣಗಳು ಮಣ್ಣಿನಲ್ಲಿ ಹತ್ತಾರು ವರ್ಷ ಉಳಿಯುತ್ತವೆ.

ಎರಡನೆಯ ಹಂತ ಕಡಿದ ಮೇಲೆ. ಶ್ವಾಸಕೋಶ, ಯಕೃತ್ತು, ಹೃದಯ, ಕರುಳುಗಳನ್ನು ಮುಟ್ಟಿ, ಒತ್ತಿ, ಅಗತ್ಯವಿದ್ದರೆ ಕೊಯ್ದು ನೋಡುತ್ತಾರೆ. ದುಗ್ಧಗ್ರಂಥಿಗಳಲ್ಲಿ ಗಂಟುಗಳಿದ್ದರೆ ಕ್ಷಯದ ಶಂಕೆ. ಹಂದಿಯ ಮಾಂಸದಲ್ಲಿ ಅಕ್ಕಿಕಾಳಿನಂಥ ಬಿಳಿಯ ಕೋಶಗಳಿದ್ದರೆ ಅದು ಲಾಡಿಹುಳುವಿನ ಮರಿ. ಯಕೃತ್ತಿನಲ್ಲಿ ನೀರು ತುಂಬಿದ ಗುಳ್ಳೆಗಳಿದ್ದರೆ ಇನ್ನೊಂದು ಜಾತಿಯ ಹುಳು.

ಸಸ್ಯಾಹಾರಿಗಳ ಪಾಲು ಇರುವುದು ಇಲ್ಲಿಯೇ. ಸರಿಯಾಗಿ ಬೇಯದ ಹಂದಿ ಮಾಂಸ ತಿಂದವರ ಕರುಳಿನಲ್ಲಿ ಲಾಡಿಹುಳು ಬೆಳೆಯುತ್ತದೆ. ಅವರು ಬಯಲಿಗೆ ಹೋದಾಗ ಹುಳುವಿನ ಮೊಟ್ಟೆಗಳು ಮಣ್ಣು, ನೀರು, ತರಕಾರಿಗಳನ್ನು ಸೇರುತ್ತವೆ. ಸರಿಯಾಗಿ ತೊಳೆಯದ ಕೊತ್ತಂಬರಿ ಸೊಪ್ಪು, ಮೂಲಂಗಿಗಳ ಮೂಲಕ ಆ ಮೊಟ್ಟೆ ಜನ್ಮದಲ್ಲಿ ಮಾಂಸ ಮುಟ್ಟದವರ ಹೊಟ್ಟೆಗೂ ಹೋಗಬಹುದು. ಮರಿಗಳು ರಕ್ತದಲ್ಲಿ ತೇಲಿ ಮಿದುಳಿಗೆ ಹೋಗಿ ಕೋಶ ಕಟ್ಟಿದರೆ ಅಪಸ್ಮಾರ ಬರುತ್ತದೆ. ನಮ್ಮ ದೇಶದಲ್ಲಿ ಮೂರ್ಛೆ ರೋಗಕ್ಕೆ ಇದೊಂದು ಮುಖ್ಯ ಕಾರಣವೆಂದು ನರರೋಗ ತಜ್ಞರಿಗೆಲ್ಲ ಗೊತ್ತು. ಯಕೃತ್ತಿನ ನೀರುಗುಳ್ಳೆಯ ಕಥೆಯೂ ಇಂಥದೇ. ಕಡಿಯುವ ಕಡೆ ಎಸೆದ ಯಕೃತ್ತನ್ನು ಬೀದಿನಾಯಿ ತಿನ್ನುತ್ತದೆ, ನಾಯಿಯ ಮಲದಲ್ಲಿ ಮೊಟ್ಟೆ ಹೊರಬೀಳುತ್ತದೆ, ನಾಯಿಯೊಡನೆ ಆಡಿ ಕೈ ತೊಳೆಯದೆ ಊಟಕ್ಕೆ ಕೂತ ಮಗುವಿನ ಯಕೃತ್ತಿನಲ್ಲಿ ಅದೇ ಗುಳ್ಳೆ ಬೆಳೆಯುತ್ತದೆ.

ಮುದ್ರೆಯಿಂದ ಎಲ್ಲವೂ ಸಿಗುವುದಿಲ್ಲ ಎಂಬುದನ್ನೂ ಹೇಳಬೇಕು. ಸಾಲ್ಮೊನೆಲ್ಲಾದಂಥ ರೋಗಾಣುಗಳು ನೋಡಲು ಆರೋಗ್ಯವಾಗಿರುವ ಕೋಳಿಯ ಕರುಳಿನಲ್ಲೂ ಇರುತ್ತವೆ. ಆಂಟಿಬಯಾಟಿಕ್ ಔಷಧಿಯ ಉಳಿಕೆ ಕಣ್ಣಿಗೆ ಕಾಣದು. ಇವಕ್ಕೆ ಪ್ರಯೋಗಾಲಯವೇ ಬೇಕು, ಅಂದರೆ ಇನ್ನಷ್ಟು ಖರ್ಚು.

ಯೂರೋಪಿನ ಲೆಕ್ಕ

ಯೂರೋಪಿನ ಸಾಮಾನ್ಯ ಮಾರುಕಟ್ಟೆಯ ದೇಶಗಳಲ್ಲಿ ಮೊದಲು ಒಂದೊಂದು ಕಡೆ ಒಂದೊಂದು ಪದ್ಧತಿ ಇತ್ತು. ಕೆಲವು ಕಡೆ ಪರೀಕ್ಷೆಯ ವೆಚ್ಚವನ್ನು ಸರ್ಕಾರವೇ ಭರಿಸುತ್ತಿತ್ತು, ಕೆಲವು ಕಡೆ ಕಸಾಯಿಖಾನೆಯವರು ತೆರುತ್ತಿದ್ದರು. ಶುಲ್ಕ ಕೊಟ್ಟವನ ಮಾಂಸ ದುಬಾರಿ, ಕೊಡದವನದು ಅಗ್ಗ, ಇದು ಅನ್ಯಾಯವೆಂಬ ದೂರು ಬಂತು. ಆದ್ದರಿಂದ 1985ರಲ್ಲಿ, ಮಾಂಸದ ಆರೋಗ್ಯ ತಪಾಸಣೆಗೆ ಎಲ್ಲ ದೇಶಗಳೂ ಶುಲ್ಕ ವಸೂಲು ಮಾಡಬೇಕೆಂಬ ನಿರ್ದೇಶನ ಹೊರಟಿತು. ಅಂದರೆ ಆರಂಭದ ಕಾಳಜಿ ಆರೋಗ್ಯಕ್ಕಿಂತ ಹೆಚ್ಚಾಗಿ ವ್ಯಾಪಾರದ ನ್ಯಾಯದ್ದು. 1996ರಲ್ಲಿ ಅದಕ್ಕೆ ತಿದ್ದುಪಡಿಯಾಯಿತು, 2004ರಲ್ಲಿ ಇಡೀ ಆಹಾರ ತಪಾಸಣೆಗೆ ಒಂದು ದೊಡ್ಡ ಕಾನೂನು ಬಂತು. 2017ರಲ್ಲಿ ಅದನ್ನೂ ಬದಲಿಸಿ ಮಾಡಿದ ಹೊಸ ಕಾನೂನು 2019ರ ಡಿಸೆಂಬರಿನಿಂದ ಜಾರಿಗೆ ಬಂತು.

ದರಪಟ್ಟಿಯನ್ನು ನೋಡಿ. ದೊಡ್ಡ ದನವೊಂದಕ್ಕೆ 5 ಯೂರೋ, 25 ಕಿಲೋಗಿಂತ ಹೆಚ್ಚು ತೂಗುವ ಹಂದಿಗೆ 1 ಯೂರೋ, 12 ಕಿಲೋಗಿಂತ ಹೆಚ್ಚು ತೂಗುವ ಕುರಿ ಮೇಕೆಗೆ ಕಾಲು ಯೂರೋ, ಕೋಳಿಗೆ ಅರ್ಧ ಸೆಂಟ್. ಯೂರೋಗೆ ನೂರು ರೂಪಾಯಿ ಎಂದು ಲೆಕ್ಕ ಹಿಡಿದರೆ ಕುರಿಯೊಂದಕ್ಕೆ 25 ರೂಪಾಯಿ, ಕೋಳಿಯೊಂದಕ್ಕೆ ಐವತ್ತು ಪೈಸೆ. ಇಪ್ಪತ್ತು ಕಿಲೋ ಮಾಂಸ ಸಿಗುವ ಕುರಿಯಾದರೆ ಕಿಲೋಗೆ ಒಂದೂಕಾಲು ರೂಪಾಯಿ. ಮಟನ್ ಅಂಗಡಿಯಲ್ಲಿ ಅಷ್ಟು ಚಿಲ್ಲರೆಯನ್ನು ಯಾರೂ ವಾಪಸು ಕೇಳುವುದಿಲ್ಲ. ತಪಾಸಣೆಯಿಂದ ಮಾಂಸದ ಬೆಲೆ ಏರುತ್ತದೆ ಎನ್ನುವವರಿಗೆ ಈ ಲೆಕ್ಕವೇ ಉತ್ತರ. ಆದರೆ ಈ ದರ ಕಡ್ಡಾಯವಲ್ಲ. ದೇಶಗಳು ತಮಗೆ ತಗಲುವ ನಿಜವಾದ ವೆಚ್ಚವನ್ನೇ ವಸೂಲು ಮಾಡಬಹುದು, ಅದು ಇದಕ್ಕಿಂತ ಹೆಚ್ಚೇ ಆಗಬಹುದು. ಜಗಳ ಹುಟ್ಟುವುದು ಅಲ್ಲಿ.

ಉಂಡ ಮನೆಗೆ ಎರಡು ಬಗೆಯಬಾರದು ಎಂಬುದು ನಮ್ಮ ಹಿರಿಯರ ಮಾತು. ಬಾಳಿಗೆ ಒಳ್ಳೆಯ ಮಾತೇ. ಮಾಂಸ ಪರೀಕ್ಷೆಯಲ್ಲಿ ಮಾತ್ರ ಅದು ಅಪಾಯಕಾರಿ. ಕಸಾಯಿಖಾನೆಯ ಮಾಲೀಕನೇ ವೈದ್ಯನ ಕೈಗೆ ನೇರವಾಗಿ ಸಂಬಳ ಕೊಟ್ಟರೆ, ಆ ವೈದ್ಯ ಮಾಲೀಕನ ಪ್ರಾಣಿಯನ್ನು ತಿರಸ್ಕರಿಸುವುದು ಹೇಗೆ? ಅದಕ್ಕಾಗಿ ಹಣ ಸರ್ಕಾರದ ಖಜಾನೆಗೆ ಹೋಗಬೇಕು, ವೈದ್ಯರಿಗೆ ಸಂಬಳ ಅಲ್ಲಿಂದ ಬರಬೇಕು. ಪ್ರಾಣಿ ಪಾಸಾದರೂ ಫೇಲಾದರೂ ಶುಲ್ಕ ಒಂದೇ ಇರಬೇಕು. ಪಾಸು ಮಾಡಿದರೆ ಮಾತ್ರ ದುಡ್ಡು ಎಂಬ ಪದ್ಧತಿ ಇರುವ ಕಡೆ ಎಲ್ಲವೂ ಪಾಸಾಗುತ್ತದೆ. ಯೂರೋಪಿನ ಕಾನೂನು ಇನ್ನೊಂದು ಬಾಗಿಲನ್ನೂ ಮುಚ್ಚಿದೆ: ಒಮ್ಮೆ ಸರಿಯಾಗಿ ವಸೂಲು ಮಾಡಿದ ಶುಲ್ಕವನ್ನು ನೇರವಾಗಿಯಾಗಲಿ, ಸುತ್ತುದಾರಿಯಿಂದಾಗಲಿ ಹಿಂದಿರುಗಿಸುವಂತಿಲ್ಲ.

ಗಂಟೆಗೋ, ತಲೆಗೋ?

ಇಂಗ್ಲೆಂಡಿನ ಕಥೆ ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳಬೇಕಾದದ್ದು. ಅಲ್ಲಿ ಮಾಂಸ ಪರೀಕ್ಷೆ ಬಹುಕಾಲ ಊರೂರಿನ ಸ್ಥಳೀಯ ಸಂಸ್ಥೆಗಳ ಕೈಯಲ್ಲಿತ್ತು. 1995ರ ಏಪ್ರಿಲ್‌ನಲ್ಲಿ ಅದನ್ನು ಮಾಂಸ ನೈರ್ಮಲ್ಯ ಸೇವೆ ಎಂಬ ಒಂದೇ ಸರ್ಕಾರಿ ಸಂಸ್ಥೆಗೆ ವಹಿಸಿದರು. ಆಗ ಹುಚ್ಚು ಹಸು ರೋಗದ ಕಾಲ. 1986ರಲ್ಲಿ ಗುರುತಿಸಿದ ಈ ರೋಗ ದನದ ಮಿದುಳು, ಬೆನ್ನುಹುರಿಗಳಲ್ಲಿ ನೆಲೆಸುತ್ತದೆ. 1989ರಲ್ಲೇ ಆ ಭಾಗಗಳನ್ನು ಮನುಷ್ಯರ ಆಹಾರದಿಂದ ನಿಷೇಧಿಸಲಾಗಿತ್ತು. ಕಾಗದದ ಮೇಲೆ ಎಲ್ಲವೂ ಸರಿಯಿತ್ತು. ಆದರೆ 1995ರಲ್ಲಿ ಸರ್ಕಾರಿ ಪಶುವೈದ್ಯರು ಮುನ್ಸೂಚನೆ ಕೊಡದೆ ಕಸಾಯಿಖಾನೆಗಳಿಗೆ ಹೋದಾಗ, ಮುದ್ರೆ ಬಿದ್ದ ಕೆಲವು ದನಗಳ ಮಾಂಸದಲ್ಲೂ ಬೆನ್ನುಹುರಿಯ ತುಂಡುಗಳು ಉಳಿದಿದ್ದವು! ಬೆನ್ನುಮೂಳೆಗೆ ಅಂಟಿದ ಮಾಂಸವನ್ನು ಯಂತ್ರದಿಂದ ಕೆರೆದು ತೆಗೆದು ಅಗ್ಗದ ತಿನಿಸುಗಳಿಗೆ ಸೇರಿಸುವ ಪದ್ಧತಿಯನ್ನು ಆ ಡಿಸೆಂಬರಿನಲ್ಲಿ ನಿಲ್ಲಿಸಿದರು. ಮೂರೇ ತಿಂಗಳಲ್ಲಿ, 1996ರ ಮಾರ್ಚ್ 20ರಂದು, ಈ ರೋಗ ಮನುಷ್ಯರಿಗೂ ಬಂದಿರುವ ಸಂಭವವಿದೆ ಎಂದು ಬ್ರಿಟಿಷ್ ಸಂಸತ್ತಿನಲ್ಲಿ ಪ್ರಕಟಿಸಬೇಕಾಯಿತು. ಮನುಷ್ಯರಲ್ಲಿ ಮಿದುಳನ್ನು ಜರಡಿಯಂತೆ ಮಾಡುವ, ಮದ್ದಿಲ್ಲದ ರೋಗ ಇದು. ಬ್ರಿಟನ್‌ನಲ್ಲಿ ಇದಕ್ಕೆ ಬಲಿಯಾದವರು 178 ಮಂದಿ, ಅವರಲ್ಲಿ ಬಹುಪಾಲು ಎಳೆಯ ವಯಸ್ಸಿನವರು.

ಆದ್ದರಿಂದ ಪರೀಕ್ಷೆ ಬಿಗಿಯಾಯಿತು. ಬಿಗಿಯಾದಷ್ಟೂ ಖರ್ಚು ಏರಿತು. ವೈದ್ಯರು ಕಳೆಯುವ ಗಂಟೆಗಳ ಲೆಕ್ಕದಲ್ಲಿ ಶುಲ್ಕ ಹಾಕಿದಾಗ ಪೆಟ್ಟು ತಿಂದವರು ಸಣ್ಣವರು. ದಿನಕ್ಕೆ ಸಾವಿರ ಕುರಿ ಕಡಿಯುವ ಕಾರ್ಖಾನೆಯಲ್ಲೂ ವೈದ್ಯರು ಎಂಟು ಗಂಟೆ ಇರುತ್ತಾರೆ. ಹಳ್ಳಿಯ ಬದಿಯಲ್ಲಿ ಹತ್ತು ಕುರಿ ಕಡಿಯುವವನ ಬಳಿಯೂ ಒಂದೆರಡು ಗಂಟೆ ಇರಲೇಬೇಕು. ತಲೆಗೆ ಎಷ್ಟು ಬಿತ್ತು ಎಂದು ಲೆಕ್ಕ ಹಾಕಿ ನೋಡಿ. 1970ರ ದಶಕದಲ್ಲಿ ಅಲ್ಲಿ ಸುಮಾರು 2500 ಕಸಾಯಿಖಾನೆಗಳಿದ್ದವು. ಐವತ್ತು ವರ್ಷ ಕಳೆಯುವುದರೊಳಗೆ 250ರ ಆಸುಪಾಸಿಗೆ ಇಳಿದವು. ಶುಲ್ಕವೊಂದೇ ಇದಕ್ಕೆ ಕಾರಣವಲ್ಲ. ದೊಡ್ಡ ಅಂಗಡಿಗಳ ಸರಪಳಿ, ಹೊಸ ಕಟ್ಟಡದ ನಿಯಮಗಳು, ಕೂಲಿ, ಎಲ್ಲವೂ ಸೇರಿವೆ. ಆದರೂ 2000ದಲ್ಲಿ ಸರ್ಕಾರ ನೇಮಿಸಿದ ಮೆಕ್ಲೀನ್ ಸಮಿತಿ, ಸಣ್ಣ ಕಸಾಯಿಖಾನೆಗಳಿಗೆ ಗಂಟೆಯ ಲೆಕ್ಕ ಬಿಟ್ಟು ತಲೆಯ ಲೆಕ್ಕ ಹಿಡಿಯಿರಿ ಎಂದು ಸಲಹೆ ಕೊಟ್ಟಿತು. 2001ರಲ್ಲಿ ಅದು ಜಾರಿಗೂ ಬಂತು.

ಸಣ್ಣ ಕಸಾಯಿಖಾನೆ ಮುಚ್ಚಿದರೆ ನಮಗೇನು ನಷ್ಟ ಎನ್ನಬೇಡಿ. ಪ್ರಾಣಿಗಳನ್ನು ನೂರಾರು ಮೈಲಿ ಲಾರಿಯಲ್ಲಿ ಸಾಗಿಸಬೇಕಾಗುತ್ತದೆ. ಒಂದು ರೋಗಿ ಪ್ರಾಣಿ ದಾರಿಯುದ್ದಕ್ಕೂ ರೋಗ ಹಂಚುತ್ತದೆ. 2001ರಲ್ಲಿ ಅದೇ ಆಯಿತು. ಆ ಫೆಬ್ರುವರಿ 19ರಂದು ಎಸೆಕ್ಸ್ ಪ್ರಾಂತದ ಒಂದು ಕಸಾಯಿಖಾನೆಯಲ್ಲಿ, ದಿನನಿತ್ಯದ ತಪಾಸಣೆ ಮಾಡುತ್ತಿದ್ದ ಪಶುವೈದ್ಯರಿಗೆ ಹಂದಿಗಳಲ್ಲಿ ಕಾಲುಬಾಯಿ ಜ್ವರದ ಗುರುತು ಕಾಣಿಸಿತು. ಮರುದಿನ ರೋಗ ಖಚಿತವಾಯಿತು. ಮೂಲ ಹುಡುಕುತ್ತ ಹೋದರೆ ಅದು ಸಿಕ್ಕಿದ್ದು ದೇಶದ ಇನ್ನೊಂದು ತುದಿಯಲ್ಲಿ, ಹೋಟೆಲಿನ ಎಂಜಲನ್ನು ಸರಿಯಾಗಿ ಕುದಿಸದೆ ಹಂದಿಗಳಿಗೆ ಹಾಕುತ್ತಿದ್ದ ನಾರ್ತಂಬರ್‌ಲೆಂಡಿನ ಒಂದು ಫಾರಂನಲ್ಲಿ. ಅಷ್ಟರಲ್ಲಿ ಕುರಿಸಂತೆಗಳ ಮೂಲಕ ರೋಗ ದೇಶವೆಲ್ಲ ಹಬ್ಬಿತ್ತು. ಅರುವತ್ತು ಲಕ್ಷಕ್ಕೂ ಹೆಚ್ಚು ಪ್ರಾಣಿಗಳನ್ನು ಕೊಂದರು. ಸರ್ಕಾರಕ್ಕೂ ಖಾಸಗಿಯವರಿಗೂ ಸೇರಿ ಸುಮಾರು 800 ಕೋಟಿ ಪೌಂಡ್ ನಷ್ಟ. ಕಾಲುಬಾಯಿ ಜ್ವರದಿಂದ ಮನುಷ್ಯರ ಆರೋಗ್ಯಕ್ಕೆ ಭಯವಿಲ್ಲ. ಆದರೆ ರೈತ ಕುಟುಂಬಗಳ ಹೊಟ್ಟೆಗೆ, ಮನಸ್ಸಿಗೆ ಬಿದ್ದ ಪೆಟ್ಟು ಯಾವ ಕಾಯಿಲೆಗಿಂತ ಕಡಿಮೆ? ಅಂದ ಹಾಗೆ, ಆ ವೈರಸ್ ತಳಿ 1990ರಲ್ಲಿ ಮೊದಲು ಕಂಡದ್ದು ನಮ್ಮ ಉತ್ತರ ಭಾರತದಲ್ಲಿ.

ಬೇನೆಯನ್ನು ಹಿಡಿದದ್ದು ಯಾವ ಪರೀಕ್ಷೆ ಎಂಬುದನ್ನು ಗಮನಿಸಿ. ದುಬಾರಿ, ದಂಡ ಎಂದು ಮಾಲೀಕರು ಗೊಣಗುತ್ತಿದ್ದ ಅದೇ ದಿನನಿತ್ಯದ ತಪಾಸಣೆ.

ನನ್ನ ಅಭಿಪ್ರಾಯ ಹೀಗೆ. ಪ್ರತಿ ಪ್ರಾಣಿಯ ಪರೀಕ್ಷೆಗೆ ವ್ಯಾಪಾರಿ ತಲೆಗಿಷ್ಟು ಎಂದು ಸಣ್ಣ ಶುಲ್ಕ ಕೊಡುವುದು ನ್ಯಾಯ. ಅದು ಕೊನೆಗೆ ತಿನ್ನುವವರ ಬೆಲೆಯಲ್ಲಿ ಸೇರುತ್ತದೆ, ಸೇರಲಿ. ಆದರೆ ರೋಗಗಳ ಮೇಲೆ ಕಣ್ಣಿಡುವ ಕೆಲಸ, ಪ್ರಯೋಗಾಲಯ, ಲಸಿಕೆ ಇವೆಲ್ಲ ಬೊಕ್ಕಸದ ಹೊಣೆ. ಯಾಕೆಂದರೆ ಲಾಡಿಹುಳುವಿನ ಮೊಟ್ಟೆ ಮಾಂಸ ತಿಂದವರು ಯಾರು, ತಿನ್ನದವರು ಯಾರು ಎಂದು ಕೇಳುವುದಿಲ್ಲ. ಶುಲ್ಕ ಕೈಗೆ ನಿಲುಕದಷ್ಟು ಏರಿದರೆ ಜನ ಪರೀಕ್ಷೆಯನ್ನೇ ತಪ್ಪಿಸುತ್ತಾರೆ. ತಿರಸ್ಕರಿಸಿದ ಪ್ರಾಣಿಗೆ ಪರಿಹಾರವೂ ಇಲ್ಲವೆಂದಾದರೆ, ಕಾಯಿಲೆ ಕುರಿಯನ್ನು ಹಿತ್ತಲಲ್ಲಿ ಕತ್ತಲಲ್ಲಿ ಕಡಿಯುವುದನ್ನು ಯಾವ ಕಾನೂನೂ ತಡೆಯಲಾರದು.

ಬಂದರಿನಲ್ಲಿ ನಡೆಯುವುದು

ದೇಶದಿಂದ ದೇಶಕ್ಕೆ ಹೋಗುವ ಸರಕಿನ ಶುಲ್ಕವೂ ಇದೇ ತಕರಾರನ್ನು ಹುಟ್ಟಿಸುತ್ತದೆ. ಯೂರೋಪಿನ ಗಡಿಯಲ್ಲಿ ಮಾಂಸ ಮೀನುಗಳ ಸರಕೊಂದಕ್ಕೆ 6 ಟನ್‌ವರೆಗೆ 55 ಯೂರೋ ಶುಲ್ಕ. ಆರು ಟನ್ ತರುವವನಿಗೆ ಕಿಲೋಗೆ ಒಂದು ರೂಪಾಯಿಯೂ ಬೀಳದು. ನೂರು ಕಿಲೋ ತರುವವನಿಗೆ ಕಿಲೋಗೆ ಐವತ್ತೈದು ರೂಪಾಯಿ! ಯೂರೋಪಿನ ಒಕ್ಕೂಟದಿಂದ ಹೊರಬಂದ ಬ್ರಿಟನ್ 2024ರ ಏಪ್ರಿಲ್ 30ರಿಂದ ಡೋವರ್ ಬಂದರು ಮತ್ತು ಕಡಲಡಿಯ ಸುರಂಗದ ಮೂಲಕ ಬರುವ ಇಂಥ ಸರಕಿಗೆ, ಬಗೆಯೊಂದಕ್ಕೆ 29 ಪೌಂಡ್‌ವರೆಗೆ, ಒಟ್ಟು ಹೆಚ್ಚೆಂದರೆ 145 ಪೌಂಡ್ ಶುಲ್ಕ ಹಾಕಿತು. ಪರೀಕ್ಷೆಗೆಂದು ನಿಲ್ಲಿಸದ ಲಾರಿಯವನೂ ಕೊಡಬೇಕೆಂಬುದು ಅದರ ವಿಶೇಷ. ಸಣ್ಣ ಚೀಸ್ ವ್ಯಾಪಾರಿಗಳು ಬೊಬ್ಬೆ ಹಾಕಿದರು. 2025ರ ಮೇ ತಿಂಗಳಲ್ಲಿ ಈ ತಪಾಸಣೆಗಳನ್ನು ಆದಷ್ಟು ಕೈಬಿಡುವಂಥ ಒಪ್ಪಂದ ಮಾಡಿಕೊಳ್ಳಲು ಎರಡೂ ಕಡೆಯವರು ಸಮ್ಮತಿಸಿದರು. ಅದೇ ವರ್ಷ ಜನವರಿಯಲ್ಲಿ ಜರ್ಮನಿಯಲ್ಲಿ, ಮಾರ್ಚ್‌ನಲ್ಲಿ ಹಂಗೆರಿ, ಸ್ಲೊವಾಕಿಯಾಗಳಲ್ಲಿ ಕಾಲುಬಾಯಿ ಜ್ವರ ಕಾಣಿಸಿಕೊಂಡಿತ್ತು ಎಂಬುದನ್ನು ನೆನಪಿಟ್ಟುಕೊಂಡರೆ ಎರಡೂ ಪಕ್ಷದ ವಾದದಲ್ಲಿ ಹುರುಳಿದೆ ಎನಿಸುತ್ತದೆ.

ನಮ್ಮ ಕರಾವಳಿಗೆ ಇದು ದೂರದ ಮಾತಲ್ಲ. 1997ರಲ್ಲಿ ಯೂರೋಪ್ ಭಾರತದ ಮೀನು, ಸೀಗಡಿಗಳನ್ನು ಕೆಲಕಾಲ ನಿಷೇಧಿಸಿತು. ಕಾರ್ಖಾನೆಗಳ ನೈರ್ಮಲ್ಯ ಸಾಲದು, ಸರಕಿನಲ್ಲಿ ಸಾಲ್ಮೊನೆಲ್ಲಾ ಇದೆ ಎಂಬುದು ಆಪಾದನೆ. ರಫ್ತುದಾರರು ಐಸ್ ನೀರಿನಿಂದ ಹಿಡಿದು ನೆಲದ ಹಾಸುಗಲ್ಲಿನವರೆಗೆ ಎಲ್ಲವನ್ನೂ ಬದಲಿಸಬೇಕಾಯಿತು. ಆಮೇಲೆ ಆಂಟಿಬಯಾಟಿಕ್ ಉಳಿಕೆಯ ತಕರಾರು ಬಂದು, 2016ರಲ್ಲಿ ನಮ್ಮ ಸಾಕಣೆ ಸೀಗಡಿಯ ಸರಕಿನಲ್ಲಿ ಅರ್ಧದಷ್ಟನ್ನು ಅಲ್ಲಿ ಪರೀಕ್ಷೆಗೆ ಒಳಪಡಿಸತೊಡಗಿದರು. ಅದಕ್ಕೆ ಮೊದಲು ಹತ್ತರಲ್ಲಿ ಒಂದು ಸರಕಿಗೆ ಮಾತ್ರ ಪರೀಕ್ಷೆ. ಇಲ್ಲಿ 1963ರ ಕಾನೂನಿನ ಪ್ರಕಾರ ರಫ್ತು ತಪಾಸಣಾ ಸಂಸ್ಥೆಯವರು ರಫ್ತುದಾರರಿಂದ ಶುಲ್ಕ ಪಡೆದು ಪರೀಕ್ಷಿಸಿ ಪ್ರಮಾಣಪತ್ರ ಕೊಡುತ್ತಾರೆ. ಪರದೇಶದವರ ತಟ್ಟೆಗೆ ಹೋಗುವ ಸೀಗಡಿಗೆ ಇಷ್ಟೆಲ್ಲ ಕಾವಲು. ನಮ್ಮ ಮಕ್ಕಳ ತಟ್ಟೆಗೆ ಬರುವ ಸೀಗಡಿಗೆ?

ನಮ್ಮಲ್ಲಿ

2001ರ ಕಸಾಯಿಖಾನೆ ನಿಯಮಗಳು ಕೇಂದ್ರ ಸರ್ಕಾರದವು, ಪ್ರಾಣಿಹಿಂಸೆ ತಡೆ ಕಾನೂನಿನ ಅಡಿ ಬಂದವು. ಅವುಗಳ ಪ್ರಕಾರ ಪಶುವೈದ್ಯರು ಪ್ರಮಾಣಪತ್ರ ಕೊಡದ ಪ್ರಾಣಿಯನ್ನು ಕಡಿಯುವಂತಿಲ್ಲ. ಒಬ್ಬ ವೈದ್ಯರು ಗಂಟೆಗೆ 12ಕ್ಕಿಂತ, ದಿನಕ್ಕೆ 96ಕ್ಕಿಂತ ಹೆಚ್ಚು ಪ್ರಾಣಿಗಳನ್ನು ಪರೀಕ್ಷಿಸುವಂತಿಲ್ಲ. ಅಂದರೆ ಪ್ರಾಣಿಯೊಂದಕ್ಕೆ ಐದು ನಿಮಿಷ. ನಿಯಮ ಚೆನ್ನಾಗಿಯೇ ಇದೆ. ಯುಗಾದಿಯ ಮರುದಿನ ಹೊಸತೊಡಕಿಗೆ ಬೆಳಗಿನ ಜಾವದಿಂದಲೇ ಪ್ರತಿ ಬಡಾವಣೆಯ ಮಟನ್ ಅಂಗಡಿಯ ಮುಂದೆ ನಿಲ್ಲುವ ಸಾಲನ್ನು ನೋಡಿದವರು, ಆ ದಿನ ನಿಮ್ಮ ಊರಿಗೆ ಎಷ್ಟು ಕುರಿ ಬೇಕು, ಅವಕ್ಕೆ ಎಷ್ಟು ವೈದ್ಯರು ಬೇಕು ಎಂದು ನೀವೇ ಲೆಕ್ಕ ಹಾಕಿಕೊಳ್ಳಬಹುದು. ಅಂಗಡಿಯ ಹಿಂಬದಿಯಲ್ಲೇ ಕಡಿಯುವ ಕುರಿಯನ್ನೂ, ಪಂಜರದಿಂದ ತೆಗೆದು ನಿಮ್ಮ ಕಣ್ಣೆದುರೇ ಕೊಯ್ಯುವ ಕೋಳಿಯನ್ನೂ ಸಾಮಾನ್ಯವಾಗಿ ಯಾವ ವೈದ್ಯರೂ ನೋಡಿರುವುದಿಲ್ಲ.

ಅಲ್ಲಿಯವರೆಗೆ ಮನೆಯಲ್ಲಿ ನೀವು ಮಾಡಬಹುದಾದದ್ದು ಇಷ್ಟು. ಕುರಿ ಮಾಂಸವನ್ನು ಮುದ್ರೆ ಇರುವ ಅಂಗಡಿಯಲ್ಲೇ ಕೊಳ್ಳಿ. ಮುದ್ರೆ ಕಾಣದಿದ್ದರೆ ಎಲ್ಲಿ ಕಡಿದದ್ದು ಎಂದು ಕೇಳಿ. ನಾಲ್ಕು ಜನ ಕೇಳತೊಡಗಿದರೆ ಅಂಗಡಿಯವನು ಉತ್ತರ ಸಿದ್ಧವಾಗಿಟ್ಟುಕೊಳ್ಳುತ್ತಾನೆ. ತೂಕಡಿಸುವ, ಪುಕ್ಕ ಕೆದರಿದ ಕೋಳಿ ಬೇಡ. ಸತ್ತ ಕುರಿಯ ಮಾಂಸ ಅಗ್ಗಕ್ಕೆ ಸಿಕ್ಕಿತೆಂದು ಹಂಚಿಕೊಂಡು ತಿನ್ನುವುದಂತೂ ಬೇಡವೇ ಬೇಡ. ಮಾಂಸ ಒಳಗಿನ ಕೆಂಪು ಹೋಗುವಂತೆ ಬೇಯಲಿ, ಹಾಲು ಉಕ್ಕಿ ಕುದಿಯಲಿ. ಕೋಳಿಯನ್ನು ನಲ್ಲಿಯ ಕೆಳಗೆ ರಭಸವಾಗಿ ತೊಳೆದರೆ ರೋಗಾಣುಗಳು ಪಕ್ಕದ ಸೌತೆಕಾಯಿಗೆ ಹಾರುತ್ತವೆ. ಮಾಂಸ ಹೆಚ್ಚಿದ ಮಣೆ, ಚಾಕುಗಳನ್ನು ಸೋಪು ಹಾಕಿ ತೊಳೆಯದೆ ಕೋಸಂಬರಿಗೆ ಹೆಚ್ಚಬೇಡಿ. ಹಸಿ ಸೊಪ್ಪು, ಮೂಲಂಗಿಗಳನ್ನು ಮೂರು ನಾಲ್ಕು ನೀರಿನಲ್ಲಿ ತೊಳೆಯಿರಿ. ಇದು ಸಸ್ಯಾಹಾರಿಗಳಿಗೂ ಸೇರಿದ ಮಾತು.

ತಂದ ಯಕೃತ್ತಿನಲ್ಲಿ ನೀರು ತುಂಬಿದ ಗುಳ್ಳೆ ಕಂಡರೆ, ಹಂದಿ ಮಾಂಸದಲ್ಲಿ ಅಕ್ಕಿಕಾಳಿನಂಥ ಬಿಳಿ ಕೋಶಗಳು ಕಂಡರೆ, ಅಂಗಡಿಯವನಿಗೆ ತಿಳಿಸಿ. ಆ ಮಾಂಸವನ್ನು ಬೇಯಿಸಲು ಹೋಗಬೇಡಿ. ವ್ಯರ್ಥವಾಯಿತಲ್ಲ ಎಂದು ಬಾಗಿಲಲ್ಲಿ ಕಾಯುತ್ತಿರುವ ನಾಯಿಗೂ ಹಾಕಬೇಡಿ. ನಾಯಿ ಅಗೆಯಲಾರದಷ್ಟು ಆಳಕ್ಕೆ ಹೂಳಿ, ಇಲ್ಲವೇ ಸುಟ್ಟುಬಿಡಿ.